ಸರ್ವೇ ಮೇಷ್ಟ್ರು, ನನ್ನ ಮೊದಲ ಸಾಹೇಬರು

ನಮಗೆ ಸರ್ವೇ ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗ ಹಳೆಯ ಸಹಪಾಠಿಗಳೆಲ್ಲ ಮೊದಲು ನೆನೆದದ್ದು ಡಿಪ್ಲೊಮಾದ ಕಡೆಯ ವರ್ಷದ ಸರ್ವೇ ಶಿಬಿರವನ್ನು. ಕೆಂಪು ಬಿಳಿ ಪಟ್ಟೆಯ ರೇಂಜಿಂಗ್ ರಾಡ್‌ಗಳಿಂದ ನಮ್ಮ ತಂಡ ಪಕ್ಕದ ತೋಪಿನ ಮಾವಿನಕಾಯಿ ಉದುರಿಸಿತ್ತು. ತೋಪಿನ ಯಜಮಾನರು ಜಗಳಕ್ಕೆ ಬಂದಾಗ ಮೇಷ್ಟ್ರು ನಮ್ಮನ್ನು ಬೈಯಲಿಲ್ಲ. ದಾಯಾದಿಗಳೊಂದಿಗೆ ಅವರಿಗಿದ್ದ ಗಡಿ ತಕರಾರನ್ನು ಕೇಳಿ ತಿಳಿದು, ಇಡೀ ಜಮೀನನ್ನು ನಮ್ಮಿಂದಲೇ ಅಳೆಸಿದರು. ದಿನವೆಲ್ಲ ಬಿಸಿಲಿನಲ್ಲಿ ಸರಪಳಿ ಎಳೆದು, 33 ಅಡಿ ಚದರಕ್ಕೊಂದು ಗುಂಟೆ, 40 ಗುಂಟೆಗೊಂದು ಎಕರೆ ಎಂದು ಲೆಕ್ಕ ಹಾಕಿದ ಹಾಳೆಯ ಕೆಳಗೆ ಮೇಷ್ಟ್ರು ಸಹಿ ಮಾಡಿ, "ಹುಡುಗರ ಲೆಕ್ಕ, ತಪ್ಪಿದ್ದರೆ ನನ್ನನ್ನು ಕೇಳಿ" ಎಂದರು.

ನೌಕರಿಗೆ ಸೇರಿದ ಮೇಲೂ ಅದೇ ಗುಣದ ಮೇಲಧಿಕಾರಿ ಸಿಕ್ಕಿದ್ದು ನನ್ನ ಪುಣ್ಯ. ನೀರಾವರಿ ಕಾಲುವೆಗಳನ್ನು ನೋಡಿಕೊಳ್ಳುವ ನಾಲಾ ಉಪವಿಭಾಗದಲ್ಲಿ ನಾನು ಕಿರಿಯ ಇಂಜಿನಿಯರ್, ಅವರು ಸಹಾಯಕ ಕಾರ್ಯಪಾಲಕ ಇಂಜಿನಿಯರ್. ಬಿಸಿಲೇರುವ ಮೊದಲೇ ಸೈಟಿಗೆ ಬಂದು, ನಾನು ಎತ್ತರ ತಗ್ಗು ಅಳೆಯುವ ಲೆವೆಲ್ ಯಂತ್ರದ ಗುಳ್ಳೆಯನ್ನು ನಡುವಿಗೆ ತರುವವರೆಗೆ ಮಾತಾಡದೆ ಕಾಯುತ್ತಿದ್ದರು. ಎದುರಿಗೆ ನಿಲ್ಲಿಸುವ ಅಳತೆಪಟ್ಟಿಯಾದ ಸ್ಟಾಫನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಬಾಗಿಸಲು ಆಳಿಗೆ ಹೇಳಿ, ಅದು ನೆಟ್ಟಗೆ ನಿಂತ ಕ್ಷಣದಲ್ಲೇ ಅತಿ ಕಡಿಮೆ ರೀಡಿಂಗ್ ಕಾಣುವುದೆಂದೂ ಅದನ್ನೇ ಬರೆದುಕೊಳ್ಳಬೇಕೆಂದೂ ತೋರಿಸಿಕೊಟ್ಟರು. 5000ಕ್ಕೆ 1 ಇಳಿಜಾರಿನ ಕಾಲುವೆ ಒಂದು ಕಿಲೋಮೀಟರಿಗೆ ಇಳಿಯುವುದು ಬರೀ 20 ಸೆಂಟಿಮೀಟರ್. ತಳ ನಾಲ್ಕು ಬೆರಳು ಏರಿದರೂ ಕೊನೆ ಭಾಗದ ರೈತನ ನೀರಿಗೆ ಕತ್ತರಿ ಬೀಳುತ್ತದೆ. ಪುಸ್ತಕದಲ್ಲಿ ಓದಿದ್ದ ಈ ಲೆಕ್ಕ ನನಗೆ ನಿಜವಾಗಿ ಅರ್ಥವಾದದ್ದು ಅವರ ಪಕ್ಕದಲ್ಲಿ ನಿಂತಾಗ.

ಅಗೆತದ ಅಳತೆಯನ್ನು ನಾನು ಕಡಿಮೆ ಬರೆದೆನೆಂದು ಗುತ್ತಿಗೆದಾರರೊಬ್ಬರು ಮೇಲಿನವರೆಗೂ ದೂರು ಒಯ್ದರು. ಸಾಹೇಬರು ನನ್ನಿಂದ ವಿವರಣೆ ಬರೆಸಿಕೊಂಡು ಕೈತೊಳೆದುಕೊಳ್ಳಬಹುದಿತ್ತು. ಅವರು ಮರುದಿನವೇ ಇಬ್ಬರನ್ನೂ ಕಾಲುವೆಗೆ ಕರೆದೊಯ್ದು, ಟೇಪಿನ ಒಂದು ತುದಿಯನ್ನು ತಾವೇ ಹಿಡಿದು ಕೆಸರಿಗಿಳಿದು, ಪ್ರತಿ ಅಡ್ಡಕೊಯ್ತವನ್ನೂ ಮತ್ತೆ ಅಳೆದರು. ನನ್ನ ಅಂಕಿಗಳು ಸರಿಯಾಗಿದ್ದವು. ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ನನ್ನ ಸಹಿಯ ಪಕ್ಕದಲ್ಲೇ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕಿ, ಇನ್ನು ಮುಂದೆ ಈ ಹುಡುಗನ ಅಳತೆಯೆಂದರೆ ತಮ್ಮ ಅಳತೆಯೆಂದೇ ತಿಳಿಯಬೇಕೆಂದು ಗುತ್ತಿಗೆದಾರರಿಗೆ ಹೇಳಿದರು. ಇಪ್ಪತ್ತರ ಹರೆಯದ ನೌಕರನಿಗೆ ಆ ಮಾತು ಎಂಥ ಬಲ ಕೊಟ್ಟಿತೆಂಬುದನ್ನು ಅನುಭವಿಸಿದವರೇ ಬಲ್ಲರು.

ಮುಂದೆ ನಾನೂ ಉಪವಿಭಾಗವೊಂದರ ಹೊಣೆ ಹೊತ್ತೆ. ನನ್ನ ಕೈಕೆಳಗೆ ಪಳಗಿದ ಕೆಲವರು ಇಂದು ಕಾರ್ಯಪಾಲಕ ಇಂಜಿನಿಯರುಗಳಾಗಿದ್ದಾರೆ. ಅವರು ಕಿರಿಯರೊಂದಿಗೆ ಸೈಟಿಗೆ ಇಳಿಯುತ್ತಾರೆಂದು ಕೇಳಿದಾಗ ನನಗೆ ಹೆಮ್ಮೆಯಾಗುತ್ತದೆ. ಟೋಟಲ್ ಸ್ಟೇಷನ್ ಎಂಬ ಎಲೆಕ್ಟ್ರಾನಿಕ್ ಅಳತೆ ಯಂತ್ರ, ಡ್ರೋನ್‌ಗಳು ಬಂದದ್ದು ಒಳ್ಳೆಯದೇ. ಆದರೆ ಶಿಬಿರಗಳು ಪ್ರವಾಸದಷ್ಟು ಮೊಟಕಾಗಿವೆ, ಹೊಸಬರಿಗೆ ಸೂಚನೆಗಳು ವಾಟ್ಸಾಪಿನಲ್ಲಿ ಬರುತ್ತವೆ, ಜೊತೆಗೆ ನಿಂತು ತಿದ್ದುವ ಹಿರಿಯರು ವಿರಳವಾಗಿದ್ದಾರೆ ಎಂಬ ಕೊರಗು ನನಗಿದೆ. ಆದ್ದರಿಂದಲೇ ನಾವು ಡಿಪ್ಲೊಮಾ ಓದಿದ ಕಾಲೇಜಿನ ಪ್ರಾಂಶುಪಾಲರಿಗೆ ಪತ್ರ ಬರೆದು, ಶಿಬಿರವನ್ನು ಮೊದಲಿನಷ್ಟೇ ದಿನ ನಡೆಸುವುದಾದರೆ ಅಷ್ಟೂ ದಿನ ಮಕ್ಕಳೊಂದಿಗೆ ಬಂದಿರಲು ನಾನೂ ನನ್ನ ಇಬ್ಬರು ಸಹಪಾಠಿಗಳೂ ಸಿದ್ಧರಿದ್ದೇವೆ ಎಂದು ತಿಳಿಸಿದ್ದೇನೆ.