ಇಟಿಪಿಗೆ ಎಳೆದ ಫೈಬರ್, ಎರಡು ತುದಿಯಲ್ಲಿ ಎರಡು ಪುಟ್ಟ ಡಬ್ಬಿ

ಸಕ್ಕರೆ ಕಾರ್ಖಾನೆಯಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ಯಾವುದೂ ಹತ್ತಿರ ಇರುವುದಿಲ್ಲ. ಗೇಟಿನ ಬಳಿ ಕಾಟಾ. ಕೇನ್ ಯಾರ್ಡ್ ದಾಟಿದರೆ ಮಿಲ್ ಹೌಸ್. ಆಮೇಲೆ ಬಾಯ್ಲರ್, ಟರ್ಬೈನ್. ಕೊಳಚೆ ನೀರು ಶುದ್ಧ ಮಾಡುವ ಘಟಕ ಇಟಿಪಿಯಂತೂ ಕಾಂಪೌಂಡಿನ ಕಟ್ಟಕಡೆಯ ಮೂಲೆಯಲ್ಲಿ, ಸಾಹೇಬರ ಮೂಗಿಗೆ ತಾಕದ ಹಾಗೆ. ನಾನು ಬಾಗಲಕೋಟೆ, ಬೆಳಗಾವಿ ಕಡೆಯ ಕಾರ್ಖಾನೆಗಳಿಗೆ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್), ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡಿಕೊಡುತ್ತೇನೆ. ಎಲ್ಲಿ ಹೋದರೂ ಇದೇ ಪ್ರಶ್ನೆ: "ಸರ್, ಅಲ್ಲಿಂದ ಇಲ್ಲಿಗೆ ಒಂದು ಲ್ಯಾನ್ ಕೇಬಲ್ ಎಳದ್ರ ಆಗೂದಿಲ್ಲೇನ್ರೀ?"

ಆಗುವುದಿಲ್ಲ. ತಾಮ್ರದ ಈಥರ್ನೆಟ್ ಕೇಬಲ್‌ಗೆ 100 ಮೀಟರ್ ಮಿತಿ. ಅದರಲ್ಲೂ 90 ಮೀಟರ್ ಖಾಯಂ ವೈರಿಂಗ್, ಉಳಿದ 10 ಮೀಟರ್ ಎರಡೂ ತುದಿಯ ಪ್ಯಾಚ್ ಕಾರ್ಡ್‌ಗೆ, ಅಂದರೆ ಜೋಡಿಸುವ ತುಂಡು ಕೇಬಲ್‌ಗೆ. 130 ಮೀಟರ್‌ಗೂ ಲಿಂಕ್ ಬಂದದ್ದನ್ನು ನೋಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಪಕ್ಕದ ಟ್ರೇಯಲ್ಲಿ ಮೋಟರ್ ವೇಗ ನಿಯಂತ್ರಿಸುವ ದೊಡ್ಡ ಡ್ರೈವ್‌ನ ಕೇಬಲ್ ಇದ್ದರೆ, ಮಿಲ್ ಶುರುವಾಗುತ್ತಿದ್ದಂತೆ ಆ ಲಿಂಕ್ ಕುಣಿಯತೊಡಗುತ್ತದೆ. ಇದರ ಮೇಲೆ ಸಿಡಿಲಿನ ಕಾಟ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ. ಸಿಡಿಲು ಹೊಡೆದಾಗ ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ವೋಲ್ಟೇಜ್ ಏರುಪೇರಾಗಿ, ತಾಮ್ರದ ಕೇಬಲ್ ಹಿಡಿದೇ ಬಂದು ಪೋರ್ಟ್ ಸುಡುತ್ತದೆ. ಆಗ ಹಂಗಾಮು ಮುಗಿದಿರುತ್ತದೆ, ಯಾರೂ ಗಮನಿಸುವುದಿಲ್ಲ. ಗೊತ್ತಾಗುವುದು ನವೆಂಬರ್‌ನಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಗೇಟಿನ ಮುಂದೆ ಸಾಲು ಹಚ್ಚಿದ ಮೇಲೆ.

ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹೀಗಾಗಿ ಈ ಎರಡೂ ತಾಪತ್ರಯ ಇಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಇಲಿ ಕಡಿಯದಿರಲಿ ಎಂದು ನಾವು ಹಾಕುವ ಆರ್ಮರ್ಡ್ ಕೇಬಲ್‌ನಲ್ಲಿ ಉಕ್ಕಿನ ಹೊದಿಕೆ ಇರುತ್ತದೆ. ಅದು ಕರೆಂಟ್ ಒಯ್ಯುತ್ತದೆ. ಕಟ್ಟಡದೊಳಗೆ ಬರುವ ಜಾಗದಲ್ಲೇ ಅದನ್ನು ಅರ್ಥ್ ಮಾಡಬೇಕು.

ಇನ್ನು ಕನ್ವರ್ಟರ್. ತಾಮ್ರದ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ತಾಮ್ರದ ಸಿಗ್ನಲ್ ಆಗಿ ಬದಲಿಸುವ ಅಂಗೈಯಗಲದ ಡಬ್ಬಿ. ಒಂದು ಕಡೆ ಲ್ಯಾನ್ ಕೇಬಲ್ ಚುಚ್ಚುವ ಆರ್‌ಜೆ45, ಇನ್ನೊಂದು ಕಡೆ ಫೈಬರ್. ಐಪಿ ಅಡ್ರೆಸ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ಆ ತುದಿಗೊಂದು, ಈ ತುದಿಗೊಂದು ಹಾಕಿದರೆ ಪಿಎಲ್‌ಸಿಗೆ ನಡುವೆ ಫೈಬರ್ ಇದೆ ಎಂದೇ ಗೊತ್ತಾಗುವುದಿಲ್ಲ. ಪಿಎಲ್‌ಸಿಗಳು ಮಾತಾಡುವ ಮಾಡ್‌ಬಸ್ ಟಿಸಿಪಿ ಆರಾಮಾಗಿ ಹೋಗುತ್ತದೆ. ಕೇಬಲ್ ಮಾತ್ರ ಸಿಂಗಲ್ ಮೋಡ್, ಅಂದರೆ ಬೆಳಕಿನ ದಾರಿ ತೀರಾ ಸಣ್ಣದಿರುವ ಫೈಬರ್ ಎಳೆಯಿರಿ ಅನ್ನುವುದು ನನ್ನ ಹಟ. ಬೆಳಕಿನ ದಾರಿ ಅಗಲವಿರುವ ಮಲ್ಟಿಮೋಡ್‌ನಲ್ಲಿ 100 ಎಂಬಿಪಿಎಸ್ 2 ಕಿಲೋಮೀಟರ್ ಹೋಗುತ್ತದೆ ನಿಜ. ನಾಳೆ ಗಿಗಾಬಿಟ್ ಬೇಕು ಅಂದಾಗ ಅದೇ 50 ಮೈಕ್ರಾನ್ ಕೇಬಲ್ 550 ಮೀಟರ್‌ಗೇ ಕೈಯೆತ್ತುತ್ತದೆ. ಖರ್ಚಿರುವುದು ನೆಲ ಅಗೆಯುವುದರಲ್ಲಿ. ಒಮ್ಮೆ ಅಗೆದ ಮೇಲೆ ಹಳದಿ ಪ್ಯಾಚ್ ಕಾರ್ಡ್‌ನ, ಅಂದರೆ ಸಿಂಗಲ್ ಮೋಡ್ ದಾರಿಯೇ ಸರಿ.

ಒಂದು ಕಾರ್ಖಾನೆಯ ಇಟಿಪಿ ಕಥೆ ಹೇಳುತ್ತೇನೆ. ಸಕ್ಕರೆ, ಡಿಸ್ಟಿಲರಿ ಸೇರಿ ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳು ಆನ್‌ಲೈನ್ ಮಾನಿಟರಿಂಗ್ ಹಾಕಲೇಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಹೇಳಿತು. ಅಲ್ಲಿಯತನಕ ಯಾರೂ ಮೂಸದ ಇಟಿಪಿಗೆ ಏಕಾಏಕಿ ನೆಟ್‌ವರ್ಕ್ ಬೇಕಾಯಿತು. ಇವರೂ ಫೈಬರ್ ಎಳೆಸಿ, ಪೇಟೆಯಿಂದ ಅಗ್ಗದ ಕನ್ವರ್ಟರ್ ಜೋಡಿ ತಂದು ಹಾಕಿದ್ದರು. ಒಂದು ಸಲ ಪೈಪ್‌ಲೈನ್‌ಗೆ ಅಗೆಯುತ್ತಿದ್ದ ಜೆಸಿಬಿ ಕೇಬಲ್ ಕಿತ್ತು ಹಾಕಿತು. ಕಂಟ್ರೋಲ್ ರೂಮಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಏಕೆಂದರೆ ಸ್ವಿಚ್‌ನಿಂದ ಕನ್ವರ್ಟರ್‌ವರೆಗಿನ ಮೊಳದುದ್ದದ ತಾಮ್ರದ ತುಂಡು ಸರಿಯಾಗೇ ಇತ್ತು. ಸ್ವಿಚ್ ಪೋರ್ಟ್ ಹಸಿರಾಗೇ ಉರಿಯುತ್ತಿತ್ತು. ಪ್ಲಾಂಟಿನ ಅಳತೆಗಳನ್ನು ತೋರಿಸುವ ಸ್ಕಾಡಾ ಸ್ಕ್ರೀನ್ ಕೊನೆಗೆ ಬಂದ ಪಿಎಚ್ 7.2 ಅನ್ನೇ ಹಿಡಿದು ಕೂತಿತ್ತು. ಆಪರೇಟರ್ ಪಾಪ, ಗಂಟೆಗೊಮ್ಮೆ ಲಾಗ್ ಬುಕ್‌ನಲ್ಲಿ 7.2 ಬರೆಯುತ್ತಲೇ ಹೋದ. ಶಿಫ್ಟ್ ಬದಲಾಯಿತು, ಬಂದವನೂ ಅದನ್ನೇ ಬರೆದ.

ಇದಕ್ಕೆ ಮದ್ದು ಲಿಂಕ್ ಫಾಲ್ಟ್ ಪಾಸ್ ಥ್ರೂ. ಫೈಬರ್ ಹೋದರೆ ಕನ್ವರ್ಟರ್ ತಾನಾಗಿ ತಾಮ್ರದ ಕಡೆಯ ಲಿಂಕನ್ನೂ ಇಳಿಸುತ್ತದೆ. ಆಗ ಸ್ವಿಚ್‌ಗೆ ಗೊತ್ತಾಗುತ್ತದೆ, ಅಲಾರಂ ಬರುತ್ತದೆ. ಸ್ವಿಚ್‌ಗಳನ್ನು ಸುತ್ತು ಹಾಕಿ ಜೋಡಿಸಿ ರಿಂಗ್ ಮಾಡಿದ್ದರೆ, ಬೇರೆ ದಾರಿಗೆ ತಕ್ಷಣ ತಿರುಗಲಿಕ್ಕೂ ಇದು ಬೇಕು. ಇಂಡಸ್ಟ್ರಿಯಲ್ ಕನ್ವರ್ಟರ್‌ಗಳಲ್ಲಿ ಸಾಮಾನ್ಯವಾಗಿ ಇದಕ್ಕೊಂದು ಡಿಪ್ ಸ್ವಿಚ್, ಅಂದರೆ ಉಗುರಿನಿಂದ ಸರಿಸುವ ಪುಟ್ಟ ಸ್ವಿಚ್ ಇರುತ್ತದೆ. ಡಬ್ಬಿ ತೆಗೆದ ದಿನ ಆಫ್ ಇದ್ದರೆ ಕೊನೆಯವರೆಗೂ ಆಫ್. ಆಪರೇಟರ್‌ಗೆ ನೋಟಿಸ್ ಕೊಟ್ಟರು ಎಂದು ಕೇಳಿದೆ. ಬೇಜಾರಾಯಿತು. ಡೇಟಾ ನಿಂತರೆ ಸಂಖ್ಯೆಯ ಬಣ್ಣ ಬದಲಾಗುವ ಹಾಗೆ ಸ್ಕ್ರೀನ್ ಮಾಡಿರಲಿಲ್ಲ, ಅವನೇನು ಮಾಡಬೇಕಿತ್ತು?

ಅದೇ ಜಾಗದಲ್ಲಿ ಕೇಬಲ್ ಜೋಡಿಸಲು ಊರಿನ ಬ್ರಾಡ್‌ಬ್ಯಾಂಡ್ ಹುಡುಗರನ್ನು ಕರೆಸಿದರು. ಸ್ಪ್ಲೈಸಿಂಗ್, ಅಂದರೆ ಎಳೆಗೆ ಎಳೆ ಬೆಸೆಯುವ ಕೈಚಳಕ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಯಾಗಿನಲ್ಲಿದ್ದದ್ದು ಮನೆ ಕನೆಕ್ಷನ್‌ಗೆ ಬಳಸುವ ಹಸಿರು ತಲೆಯ ಪ್ಯಾಚ್ ಕಾರ್ಡ್, ಅಂದರೆ ಎಪಿಸಿ. ಅದರ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿರುತ್ತದೆ. ಕನ್ವರ್ಟರ್‌ನ ಪೋರ್ಟ್ ನೀಲಿ ತಲೆಗೆ, ಅಂದರೆ ಯುಪಿಸಿಗೆ. ಹಸಿರು ತಲೆ ಟಕ್ ಎಂದು ಕೂತುಬಿಡುತ್ತದೆ, ಲಿಂಕ್ ಕೂಡ ಬರಬಹುದು. ಆದರೆ ಎರಡು ತುದಿಗಳ ನಡುವೆ ಗಾಳಿಯ ಸಂದು ಉಳಿದು ಹಲವು ಡಿಬಿ (ಬೆಳಕಿನ ನಷ್ಟ ಅಳೆಯುವ ಮಾನ) ಬೆಳಕು ಅಲ್ಲೇ ಸೋರುತ್ತದೆ. ಒಂದು ಕಿಲೋಮೀಟರ್ ಒಳ್ಳೆ ಸಿಂಗಲ್ ಮೋಡ್ ಫೈಬರ್‌ನಲ್ಲಿ ಅರ್ಧ ಡಿಬಿಯೂ ಹೋಗುವುದಿಲ್ಲ. ನಾನು ನೀಲಿ ಕಾರ್ಡ್ ಹಾಕಿ, ತುದಿ ಒರೆಸಿ, ಬೆಳಕು ಅಳೆಯುವ ಪವರ್ ಮೀಟರ್ ಹಿಡಿದು ತೋರಿಸಿದೆ. ಹುಡುಗ ನಕ್ಕು, "ನಮ್ಮಲ್ಲಿ ಎಲ್ಲಾ ಹಸಿರೇ ಅಲ್ವಾ ಸರ್" ಅಂದ. ಅವನ ಮಾತೂ ಸರಿಯೇ.

ತುದಿ ಒರೆಸುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಗಾಸ್, ಅಂದರೆ ಕಬ್ಬಿನ ಸಿಪ್ಪೆಯ ಧೂಳು ಹಾರುವ ಜಾಗದಲ್ಲಿ ರಬ್ಬರ್ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡು ಚಹಾಕ್ಕೆ ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಿಂಗಲ್ ಮೋಡ್‌ನಲ್ಲಿ ಬೆಳಕು ಹೋಗುವ ದಾರಿ 9 ಮೈಕ್ರಾನ್, ಒಂದು ಕಣ ಸಾಕು.

ಡ್ಯುಪ್ಲೆಕ್ಸ್ ಜಗಳವೂ ಇದೆ. ಫುಲ್ ಅಂದರೆ ಕಳಿಸುವುದು, ಪಡೆಯುವುದು ಒಟ್ಟಿಗೇ; ಹಾಫ್ ಅಂದರೆ ಒಮ್ಮೆಗೆ ಒಂದೇ. ಪಿಎಲ್‌ಸಿಯಲ್ಲಿ 100 ಫುಲ್ ಎಂದು ಬಿಗಿದು, ಕನ್ವರ್ಟರ್ ಆಟೋದಲ್ಲಿ ಬಿಟ್ಟರೆ ಅದು ಹಾಫ್‌ಗೆ ಇಳಿಯುತ್ತದೆ. ಪಿಂಗ್ ಚೆನ್ನಾಗಿ ಬರುತ್ತದೆ, ಪ್ರೋಗ್ರಾಂ ಡೌನ್‌ಲೋಡ್ ಮಾಡಲು ಹೋದರೆ ಅರ್ಧಕ್ಕೆ ಕಡಿಯುತ್ತದೆ. ಎರಡೂ ಆಟೋ ಇಡಿ, ಇಲ್ಲವೇ ಎರಡನ್ನೂ ಬಿಗಿಯಿರಿ.

ಪವರ್ ವಿಷಯಕ್ಕೆ ಬಂದರೆ, 5 ವೋಲ್ಟ್ ಅಡಾಪ್ಟರ್ ಇರುವ ಆಫೀಸ್ ಮಾದರಿ ಬೇಡವೇ ಬೇಡ. ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿ ಅದನ್ನು ಕಿತ್ತು ಮೊಬೈಲ್ ಚಾರ್ಜ್‌ಗೆ ಹಾಕುವವರು ಎಲ್ಲಾ ಕಡೆ ಇದ್ದಾರೆ. ಪ್ಯಾನೆಲ್ ಒಳಗಿನ ಲೋಹದ ಪಟ್ಟಿ ಡಿನ್ ರೈಲ್ ಮೇಲೆ ಕೂರುವ 24 ವೋಲ್ಟ್ ಮಾದರಿ ತಗೊಳ್ಳಿ. ಪಿಎಲ್‌ಸಿಗೆ ಪವರ್ ಕೊಡುವ ಸಪ್ಲೈಯಿಂದಲೇ ಇದಕ್ಕೂ ಕೊಡಿ.

ಹಾಗಂತ ಎಲ್ಲಾ ಕಡೆ ಕನ್ವರ್ಟರ್ ಹಾಕಿ ಅನ್ನುವವನಲ್ಲ ನಾನು. ದೂರದಲ್ಲಿ ಒಂದೇ ಪಿಎಲ್‌ಸಿ, ಒಂದೇ ಕ್ಯಾಮೆರಾ ಇದ್ದರೆ ಇದಕ್ಕಿಂತ ಸರಳ ದಾರಿ ಇಲ್ಲ. ಮೂರ್ನಾಲ್ಕು ಜಾಗ ಸೇರಿತೋ, ಎಸ್‌ಎಫ್‌ಪಿ (ಫೈಬರ್ ಚುಚ್ಚುವ, ತೆಗೆದು ಹಾಕಬಹುದಾದ ಮಾಡ್ಯೂಲ್) ಪೋರ್ಟ್ ಇರುವ ಮ್ಯಾನೇಜ್ಡ್ ಸ್ವಿಚ್, ಅಂದರೆ ನೆಟ್‌ವರ್ಕ್ ಮೂಲಕವೇ ಸೆಟ್ಟಿಂಗ್ ನೋಡಿ ಬದಲಿಸಬಹುದಾದ ಸ್ವಿಚ್ ತರುವುದೇ ಲೇಸು. ಯಾವ ಫೈಬರ್‌ನಲ್ಲಿ ಎಷ್ಟು ಬೆಳಕು ಬರುತ್ತಿದೆ ಎಂದು ಕುರ್ಚಿಯಲ್ಲಿ ಕೂತೇ ನೋಡಬಹುದು, ಎಸ್‌ಎಫ್‌ಪಿಯಲ್ಲಿ ಆ ಸೌಲಭ್ಯ ಇದ್ದರೆ. ಈಗ ಒಂದು ಡಿಸ್ಟಿಲರಿಗೆ ಹಾಗೇ ಬರೆದುಕೊಟ್ಟಿದ್ದೇನೆ. ಪರ್ಚೇಸ್‌ನವರು ಆರು ಕನ್ವರ್ಟರ್‌ನ ಕೊಟೇಶನ್ ತರಿಸಿ, "ಇದು ಸೋವಿ ಐತಲ್ರೀ" ಅನ್ನುತ್ತಿದ್ದಾರೆ. ಮಾತುಕತೆ ಇನ್ನೂ ನಡೆದಿದೆ.