ಬಿಲ್ ಕೌಂಟರಿನ ಮುಂದೆ ಮುಕ್ಕಾಲು ಗಂಟೆ

ಅಮ್ಮನಿಗೆ ಫ್ರಿಜ್ ಆರಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಬಿಲ್ ಕೌಂಟರಿನ ಮುಂದೆ ಮಾತ್ರ ಮುಕ್ಕಾಲು ಗಂಟೆ ಕೂತೆವು.

2025ರ ಆಗಸ್ಟ್, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಭಾನುವಾರ. ಬೆಂಗಳೂರು ಹನುಮಂತನಗರದ ಅಮ್ಮನ ಮನೆಯ ಹಳೇ ಫ್ರಿಜ್ ಹದಿನಾರು ವರ್ಷ ದುಡಿದು ಜುಲೈನಲ್ಲಿ ನಿಂತುಹೋಗಿತ್ತು. ಹಬ್ಬದೊಳಗೆ ಹೊಸದು ಬರಲೇಬೇಕು ಅಂತ ಅಮ್ಮನ ಹಟ. ಬನಶಂಕರಿ ಕಡೆಯ ಒಂದು ಶೋರೂಮಿನಲ್ಲಿ 24,500 ರೂಪಾಯಿಯದು ಅವಳಿಗೆ ಹಿಡಿಸಿತು. ಬಿಲ್ ಮಾಡುವಾಗ ಅಂಗಡಿಯ ಹುಡುಗ ಕೇಳಿದ: "ಮೇಡಂ, ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಿಬಿಡ್ಲಾ? ಒಂದು ವರ್ಷ ಕಂಪನಿದು ಇರುತ್ತೆ, ಆಮೇಲೆ ಎರಡು ವರ್ಷ ನಮ್ದು. 3,299 ಅಷ್ಟೆ."

"ಹಾಕ್ಸೇ," ಅಂದಳು ಅಮ್ಮ. "ಮೂರು ಸಾವಿರಕ್ಕೆ ಏನು ಯೋಚನೆ? ಕೆಟ್ಟರೆ ನಾನೊಬ್ಬಳೇ ಯಾರ ಹಿಂದೆ ಓಡಾಡ್ಲಿ?"

ಐದು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿ ದುಡ್ಡು ಕಟ್ಟಿದ್ದೆ. 2020ರ ಆಯುಧಪೂಜೆ ಸಮಯದಲ್ಲಿ 31,000 ಕೊಟ್ಟು ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್ ತಂದೆವು. ಎರಡು ವರ್ಷ ಕಂಪನಿ ವಾರಂಟಿ. ಅದರ ಮೇಲೆ ಇನ್ನೆರಡು ವರ್ಷಕ್ಕೆ 4,100 ಕಟ್ಟಿದೆ. ಮಾರಿದವರ ಮಾತು ಕೇಳಿದೆನೇ ಹೊರತು, ಏನೇನು ಸೇರಿದೆ ಅಂತ ಒಂದು ಕಾಗದವನ್ನೂ ಓದಲಿಲ್ಲ.

ನಮ್ಮ ಮನೆ ಉತ್ತರಹಳ್ಳಿ ಕಡೆ. ಆಗೆಲ್ಲಾ ಪೂರ್ತಿ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಎರಡೂ ಉಪ್ಪು ನೀರೇ. ನಲ್ಲಿ, ಬಕೆಟ್, ಸ್ನಾನದ ಮನೆ ಗೋಡೆ, ಎಲ್ಲದರ ಮೇಲೂ ಬಿಳೀ ಕಲೆ. 2023ರ ಮಾರ್ಚ್‌ನಲ್ಲಿ ಮಷಿನ್ ನೀರು ಕಾಯಿಸುವುದನ್ನು ನಿಲ್ಲಿಸಿತು. ವಾರಂಟಿಯವರ ನಂಬರಿಗೆ ಫೋನ್ ಮಾಡಿದೆ. ಒಂಬತ್ತು ದಿನ ಆದಮೇಲೆ ಒಬ್ಬರು ಬಂದು, ಹಿಂಭಾಗ ಬಿಚ್ಚಿ ಫೋಟೋ ತೆಗೆದುಕೊಂಡು ಹೋದರು. ಮಾರನೇ ದಿನ ಮೆಸೇಜ್ ಬಂತು. ಗಡಸು ನೀರಿನಿಂದ ಆದ ಹಾನಿ ಪ್ಲಾನಿನಲ್ಲಿ ಸೇರುವುದಿಲ್ಲ, ದೂರು ಮುಗಿಸಲಾಗಿದೆ.

ಕೊನೆಗೆ ನಮ್ಮ ರಸ್ತೆಯಲ್ಲೇ ರಿಪೇರಿ ಅಂಗಡಿ ಇಟ್ಟಿರುವ ಅಣ್ಣನನ್ನು ಕರೆದೆ. ಅವರು ನಡುವಿನ ನಟ್ಟು ಸಡಿಲಿಸಿ, ಹೀಟರನ್ನು ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿ ಹೊರಗೆಳೆದರು. ಬೆರಳು ಗಾತ್ರದ ಕಂಬಿ ಇರಬೇಕಾದ ಕಡೆ ಹೆಬ್ಬೆರಳಿಗಿಂತ ದಪ್ಪಗೆ ಬೂದು ಬಣ್ಣದ ಕಲ್ಲು ಕಟ್ಟಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಒಂದೇಟು ಹಾಕಿದರು. ಹಳೇ ಗೋಡೆಯ ಸುಣ್ಣದ ಹಾಗೆ ಹೆಕ್ಕಳಿಕೆ ನೆಲಕ್ಕೆ ಉದುರಿತು. ಒಳಗೆ ಕಂಬಿ ಸೀಳಿತ್ತು. "ನೋಡಿ ಮೇಡಂ, ಶಾಖ ನೀರಿಗೆ ಹೋಗ್ದೆ ಇಲ್ಲೇ ಉಳ್ಕೊಂಡ್ರೆ ಕಂಬಿ ಸುಟ್ಟೇ ಹೋಗತ್ತೆ. ಈ ಏರಿಯಾದಲ್ಲಿ ಮಷಿನ್ ಕೆಡೋದೇ ಇದರಿಂದ." ಹೊಸ ಹೀಟರಿಗೆ 1,450, ಕೂಲಿ 500. ಅರ್ಧ ಗಂಟೆಯ ಕೆಲಸ.

ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಒಂದು ವಿಷಯಕ್ಕೆ. ನಮ್ಮ ಮನೆಯಲ್ಲಿ ಮಷಿನ್ ಕೆಡುವುದಿದ್ದರೆ ನೀರಿನಿಂದಲೇ ಕೆಡಬೇಕಿತ್ತು. ಆ ಒಂದು ಕಾರಣವನ್ನೇ ಅವರು ಹೊರಗಿಟ್ಟಿದ್ದರು. ಹಾಗಾದರೆ ನಾನು 4,100 ಕಟ್ಟಿದ್ದು ಯಾತಕ್ಕೆ? ದುಡ್ಡು ತೆಗೆದುಕೊಳ್ಳುವಾಗ ಆ ಷರತ್ತನ್ನು ಯಾರೂ ತೋರಿಸಿರಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದಿತ್ತು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದಿತ್ತು. ಐದು ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕವೂ ಇಲ್ಲ. ಇದೆಲ್ಲಾ ಗೊತ್ತಾಗುವ ಹೊತ್ತಿಗೆ ನನ್ನ ಹತ್ತಿರ ಇದ್ದ ಬಿಲ್ ಅಳಿಸಿಹೋಗಿತ್ತು. ಆ ನುಣುಪು ಕಾಗದದ ಬಿಲ್ ಮೇಲಿನ ಅಕ್ಷರ ಬಿಸಿಗೆ, ಬೆಳಕಿಗೆ ಮಾಸುತ್ತದೆ. ಬೀರುವಿನಿಂದ ತೆಗೆದಾಗ ಬರೀ ಹಳದಿ ಚೀಟಿ. ಆಗಲೇ ದೂರು ಕೊಡದೆ ಬಿಟ್ಟದ್ದು ಇವತ್ತಿಗೂ ಬೇಸರ.

ಅದಕ್ಕೇ ಈ ಸಲ ಹುಡುಗನಿಗೆ, "ಷರತ್ತುಗಳ ಕಾಗದ ಕೊಡಪ್ಪ, ಓದಿ ಹೇಳ್ತೀನಿ" ಅಂದೆ. ಅವನು ಒಳಗೆ ಹೋಗಿ, ಯಾರನ್ನೋ ಕೇಳಿ, ಹತ್ತು ನಿಮಿಷದ ಮೇಲೆ ಎರಡು ಪುಟ ಪ್ರಿಂಟ್ ತೆಗೆಸಿಕೊಂಡು ಬಂದ. ಪಾಪ, ಒಳ್ಳೇ ಹುಡುಗ. ತಿಂಗಳಿಗೆ ಇಷ್ಟು ವಾರಂಟಿ ಮಾರಲೇಬೇಕು ಅಂತ ಮೇಲಿನವರು ಹೇಳಿರುತ್ತಾರೆ ಅಂತ ಅವನೇ ಹೇಳಿದ.

ಕಾಗದ ಕೈಯಲ್ಲಿ ಹಿಡಿದು ಅಮ್ಮನನ್ನು ಕೇಳಿದೆ: "ಹಳೇ ಫ್ರಿಜ್‌ಗೆ ಇಷ್ಟು ವರ್ಷದಲ್ಲಿ ಏನೇನು ಆಗಿತ್ತು, ನೆನಪು ಮಾಡ್ಕೊಂಡು ಹೇಳಮ್ಮ."

ಅಮ್ಮನಿಗೆ ಎಲ್ಲಾ ನೆನಪಿತ್ತು. ಬಾಗಿಲಿನ ರಬ್ಬರ್ ಎರಡು ಸಲ. ಬಲ್ಬ್ ಲೆಕ್ಕವಿಲ್ಲ. ತರಕಾರಿ ಡಬ್ಬದ ಮೇಲಿನ ಗಾಜು ಒಂದು ಸಲ. ಥರ್ಮೋಸ್ಟಾಟ್ ಒಂದು ಸಲ. ಏಳನೇ ವರ್ಷವೋ ಎಂಟನೇ ವರ್ಷವೋ ಗ್ಯಾಸ್ ತುಂಬಿಸಿದ್ದು. ಒಂದೊಂದನ್ನೇ ಕಾಗದದಲ್ಲಿ ಹುಡುಕಿದೆ. ರಬ್ಬರ್, ಬಲ್ಬ್, ಗಾಜು, ಪ್ಲಾಸ್ಟಿಕ್ ಸೇರುವುದಿಲ್ಲ. ಇಲಿ ಕಡಿದ ವೈರು ಇಲ್ಲ. ವೋಲ್ಟೇಜ್ ಏರಿಳಿತದಿಂದ ಸುಟ್ಟರೆ ಇಲ್ಲ. ಥರ್ಮೋಸ್ಟಾಟ್ ಇದೆ, ಗ್ಯಾಸ್ ಒಂದು ಸಲ ಇದೆ. ಕಂಪ್ರೆಸರಿಗೆ ಕಂಪನಿಯೇ ಹತ್ತು ವರ್ಷ ಕೊಟ್ಟಿದೆ. ಕಂಪ್ರೆಸರ್ ವಾರಂಟಿ ಅಂದರೆ ಸಾಮಾನ್ಯವಾಗಿ ಬರೀ ಆ ಭಾಗಕ್ಕೆ. ಗ್ಯಾಸು, ಕೂಲಿ, ಸಾಗಾಟ ನಮ್ಮದೇ. ಇದನ್ನೂ ಅಮ್ಮನಿಗೆ ಬಿಡಿಸಿ ಹೇಳಿದೆ.

ರಿಪೇರಿ ಅಣ್ಣ ಅವತ್ತು ಇನ್ನೊಂದು ಮಾತೂ ಹೇಳಿದ್ದರು. ತಯಾರಿಕೆಯಲ್ಲೇ ದೋಷ ಇದ್ದರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಕಾಣಿಸುತ್ತದೆ, ಅದು ಕಂಪನಿ ವಾರಂಟಿಯಲ್ಲೇ ಸರಿಹೋಗುತ್ತದೆ. ಸವೆತ ಶುರುವಾಗುವುದು ಏಳೆಂಟು ವರ್ಷಕ್ಕೆ. ನಾವು ದುಡ್ಡು ಕೊಡುವುದು ನಡುವಿನ ಎರಡು ವರ್ಷಕ್ಕೆ, ಅಂದರೆ ವಸ್ತು ಗಟ್ಟಿಮುಟ್ಟಾಗಿ ಇರುವ ಕಾಲಕ್ಕೆ. 3,299 ಅಂದರೆ ಫ್ರಿಜ್ ಬೆಲೆಯ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ. ಅದರಲ್ಲಿ ಸುಮಾರು 500 ರೂಪಾಯಿ ಜಿಎಸ್‌ಟಿಗೇ ಹೋಗುತ್ತದೆ. ಗ್ಯಾಸ್ ಸೋರಿದರೂ ರಿಪೇರಿ ಇಷ್ಟರೊಳಗೇ ಮುಗಿಯುತ್ತದೆ.

ಎಲ್ಲದಕ್ಕೂ ಬೇಡ ಅಂತ ನಾನು ಹೇಳುವುದಿಲ್ಲ. ಹೋದ ವರ್ಷ ನನ್ನ ತಮ್ಮ ಇನ್ವರ್ಟರ್ ಏಸಿ ತಗೊಂಡ, ಅದಕ್ಕೆ ನಾನೇ ಒತ್ತಾಯ ಮಾಡಿ ಪ್ಲಾನ್ ಮಾಡಿಸಿದೆ. ಏಸಿಯ ಹೊರಗಿನ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡ್ ಹೋದರೆ ಏಳೆಂಟು ಸಾವಿರ ಬೇಕು. ಬಿಸಿಲು, ಮಳೆ, ಹಲ್ಲಿ ಎಲ್ಲಾ ಅದಕ್ಕೇ. ಆದರೆ ತಮ್ಮ ತಗೊಂಡದ್ದು ಕಂಪನಿಯದೇ ಪ್ಲಾನು, ಅಂಗಡಿಯದಲ್ಲ. ಬೋರ್ಡು, ಗ್ಯಾಸು ಎರಡೂ ಸೇರಿವೆ ಅಂತ ಬರೆದಿರುವುದನ್ನು ನೋಡಿಯೇ ದುಡ್ಡು ಕೊಟ್ಟ. ಅದೂ ಏಸಿ ತಗೊಂಡ ದಿನ ಅಲ್ಲ. ಮೊದಲ ವರ್ಷದ ವಾರಂಟಿ ಮುಗಿಯುವ ಮೊದಲು ಕೊಂಡರೆ ಆಗುತ್ತದೆ ಅಂತ ಕಂಪನಿಯವರೇ ಹೇಳಿದ್ದರು. ದೊಡ್ಡ ಟಿವಿಗೂ ನಾನು ಹೀಗೇ ಯೋಚಿಸುತ್ತೇನೆ. ಪರದೆ ಹೋದರೆ ಅರ್ಧಕ್ಕೂ ಹೆಚ್ಚು ಬೆಲೆ ಹೋದ ಹಾಗೇ.

ಲೆಕ್ಕ ಎಲ್ಲಾ ಕೇಳಿ ಅಮ್ಮ ಸುಮ್ನೆ ಕೂತಳು. ಆಮೇಲೆ, "ಅದೆಲ್ಲಾ ಸರಿ ಕಣೇ. ರಾತ್ರಿ ಫ್ರಿಜ್ ನಿಂತುಹೋದರೆ ನಾನು ಯಾರಿಗೆ ಫೋನ್ ಮಾಡ್ಲಿ?" ಅಂದಳು.

ಅಪ್ಪ ಇದ್ದಾಗ ಇದನ್ನೆಲ್ಲಾ ಅವರೇ ನೋಡಿಕೊಳ್ಳುತ್ತಿದ್ದರು. ಅಮ್ಮನಿಗೆ ಬೇಕಾಗಿದ್ದದ್ದು ಕರೆದರೆ ಬರುವ ಒಬ್ಬ ಮನುಷ್ಯ. ಅದು ನನಗೆ ಆಗ ಹೊಳೆಯಿತು. ಅಲ್ಲೇ ಕೌಂಟರ್ ಪಕ್ಕ ನಿಂತು ನಮ್ಮ ರಿಪೇರಿ ಅಣ್ಣನಿಗೆ ಫೋನ್ ಮಾಡಿದೆ. ಹನುಮಂತನಗರಕ್ಕೆ ಬರ್ತೀರಾ ಅಂತ ಕೇಳಿದೆ. "ನನ್ನ ಬಾಮೈದ ಶ್ರೀನಗರದಲ್ಲೇ ಇದಾನೆ, ಫ್ರಿಜ್ ಕೆಲಸ ಅವನದೇ. ನಂಬರ್ ಕಳಿಸ್ತೀನಿ ತಗೊಳ್ಳಿ" ಅಂದರು. ಅಮ್ಮನೂ ಮಾತಾಡಿದಳು. ಫೋನ್ ಇಟ್ಟು ಹುಡುಗನಿಗೆ, "ಬೇಡಪ್ಪಾ, ಬಿಲ್ ಅಷ್ಟೇ ಮಾಡು" ಅಂದಳು.

ಮನೆಗೆ ಹೋಗುವ ದಾರಿಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ನಿಲ್ಲಿಸಿ ಬಿಲ್ಲಿನ ಎರಡು ಪ್ರತಿ ಮಾಡಿಸಿದೆ. ಅಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯ ಪಕ್ಕದ ಖಾಲಿ ಡಬ್ಬಿ ತೆಗೆದು, 3,300 ರೂಪಾಯಿ ಎಣಿಸಿ ಒಳಗಿಟ್ಟಳು. ಮೇಲೆ ಬಿಲ್ಲಿನ ಒಂದು ಪ್ರತಿ ಮಡಿಸಿ ಹಾಕಿದಳು. ಅದರ ಹಿಂದೆ ಶ್ರೀನಗರದ ಹುಡುಗನ ನಂಬರನ್ನು, ಕನ್ನಡಕ ಇಲ್ಲದೆಯೂ ಕಾಣುವಷ್ಟು ದಪ್ಪಗೆ, ತಾನೇ ಬರೆದಿದ್ದಳು.