ಹಂಚಿ ಚಿಗರಿ ಬಸ್ಸು ಹತ್ತಿದಳು

"ಟೀಚರ್, ಅಕಿ ಜಳಕಾ ಎಲ್ಲಿ ಮಾಡ್ತಿದ್ಲರೀ?"

ಪ್ರಶ್ನೆ, ಗೋಪುರದಲ್ಲಿ ಕೂಡಿಹಾಕಿದ ಉದ್ದ ಕೂದಲಿನ ಕಥೆಯ ಹುಡುಗಿ ರಪುಂಜೆಲ್ ಬಗ್ಗೆ. ಕೇಳಿದವಳು ಒಂಬತ್ತನೇ ಕ್ಲಾಸಿನ ಹುಡುಗಿ. ಬಾಗಿಲಿಲ್ಲ, ಮೆಟ್ಟಿಲಿಲ್ಲ, ಮೇಲೊಂದು ಕಿಟಕಿ ಮಾತ್ರ ಇರುವ ಗೋಪುರ. ಅಷ್ಟುದ್ದ ಕೂದಲಿಗೆ ಎಣ್ಣೆ ಹಚ್ಚಿ ಎರಕೊಳ್ಳಬೇಕಂದರೆ ಎಷ್ಟು ಕೊಡ ನೀರು ಬೇಕು? ಅದನ್ನು ಯಾರು ಮೇಲಕ್ಕೆ ಸೇದಿದರು? ನಳದ ನೀರಿಗೆ ದಿನಗಟ್ಟಲೆ ಕಾಯುವ ಊರಿನ ಹುಡುಗಿ, ಅವಳಿಗೆ ರಾಜಕುಮಾರನಿಗಿಂತ ಮೊದಲು ನೀರೇ ನೆನಪಾಯಿತು.

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಮಾಳಿಗೆಗೆ ರವಿವಾರ ಬೆಳಿಗ್ಗೆ ಎಂಟರಿಂದ ಹತ್ತನೇ ಕ್ಲಾಸಿನವರೆಗಿನ ಮಕ್ಕಳು ಓದಲಿಕ್ಕೆ ಬರುತ್ತಾರೆ. ನಾನು ವಾರವಿಡೀ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ರವಿವಾರ ಮಾತ್ರ ಪಾಠ ಇಲ್ಲ, ಮಾರ್ಕ್ಸ್ ಇಲ್ಲ, ಗಿರಮಿಟ್ ಇದೆ. ಈಚೆಗೆ ನಾವು ಓದುತ್ತಿರುವುದು ಹಳೇ ರಾಜಾ-ರಾಣಿ ಕಥೆಗಳನ್ನು ಈಗಿನ ಲೇಖಕರು ಹದಿವಯಸ್ಸಿನವರಿಗಾಗಿ ಹೊಸದಾಗಿ ಬರೆದ ಪುಸ್ತಕಗಳನ್ನು. ಎಲ್ಲ ಇಂಗ್ಲಿಷಿನವು. ಕನ್ನಡ ಮೀಡಿಯಂ ಮಕ್ಕಳಿಗೆ ನಾನು ಓದುತ್ತ ಓದುತ್ತ ಕನ್ನಡದಲ್ಲಿ ಹೇಳುತ್ತ ಹೋಗುತ್ತೇನೆ.

ಒಬ್ಬರ ತಂದೆ ಮಗಳನ್ನು ಬಿಡಲಿಕ್ಕೆ ಬಂದವರು ಗೇಟಿನ ಹತ್ತಿರವೇ ನಿಂತು, "ಅಲ್ರೀ ಟೀಚರ್, ಎಸ್ಸೆಸ್ಸೆಲ್ಸಿ ಹುಡುಗಿಗೆ ಇನ್ನೂ ರಾಜಾ-ರಾಣಿ ಕಥಿ ಹೇಳ್ತೀರಲ್ಲ, ಅದರ ಬದ್ಲಿ ಒಂದೀಟು ಗ್ರಾಮರ್ ಹೇಳಿಕೊಡ್ರಿ" ಅಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ರಾಜಾ-ರಾಣಿ ಕಥೆ ಅಂದರೆ ಸಣ್ಣ ಮಕ್ಕಳನ್ನು ಮಲಗಿಸಲಿಕ್ಕೆ ಅನ್ನುವುದು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಈ ಕಥೆಗಳು ಸಣ್ಣ ಮಕ್ಕಳವಾಗಿದ್ದು ಆಮೇಲೆ. ಫ್ರಾನ್ಸಿನಲ್ಲಿ ಶಾರ್ಲ್ ಪೆರೋ 1697ರಲ್ಲಿ ಬರೆದ ಕೆಂಪು ಟೊಪ್ಪಿಗೆ ಹುಡುಗಿಯ ಕಥೆಯಲ್ಲಿ ಕಟ್ಟಿಗೆ ಕಡಿಯುವವನೂ ಬರುವುದಿಲ್ಲ, ಬೇಟೆಗಾರನೂ ಬರುವುದಿಲ್ಲ. ತೋಳ ಹುಡುಗಿಯನ್ನು ತಿನ್ನುತ್ತದೆ, ಕಥೆ ಮುಗಿಯುತ್ತದೆ. ಕೊನೆಗೆ ಪದ್ಯದಲ್ಲಿ ಒಂದಷ್ಟು ಬುದ್ಧಿವಾದ: ನಯವಾಗಿ ಮಾತಾಡಿಕೊಂಡು ಬೆನ್ನು ಹತ್ತುವ ತೋಳಗಳೇ ಹೆಚ್ಚು ಅಪಾಯ ಅಂತ. ಇದು ಐದು ವರ್ಷದ ಕೂಸಿಗೆ ಹೇಳಿದ ಮಾತೋ, ಹದಿನೈದರ ಹುಡುಗಿಗೆ ಹೇಳಿದ್ದೋ?

ಜರ್ಮನಿಯ ಗ್ರಿಮ್ ಸೋದರರದು ಇನ್ನೂ ಮಜಾ. ಅವರು ಸಂಗ್ರಹಿಸಿದ ಕಥೆಗಳ ಮೊದಲ ಸಂಪುಟ ಬಂದದ್ದು 1812ರಲ್ಲಿ. ಅದರಲ್ಲಿ ಸ್ನೋವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. 1812ರ ರಪುಂಜೆಲ್ ಒಂದು ದಿನ ತನ್ನನ್ನು ಕೂಡಿಹಾಕಿದವಳ ಮುಂದೆ, ನನ್ನ ಬಟ್ಟೆ ಯಾಕೋ ಬಿಗಿಯಾಗ್ತಿವೆ ಅಂತ ಹೇಳಿ ಸಿಕ್ಕಿಬೀಳುತ್ತಾಳೆ. ಪಾಪ, ಗರ್ಭಿಣಿ ಅಂತ ಅವಳಿಗೇ ಗೊತ್ತಿಲ್ಲ. ಮಕ್ಕಳ ಕೈಗೆ ಇಂಥಾದ್ದು ಹೆಂಗೆ ಕೊಡುವುದು ಅಂತ ಟೀಕೆ ಬಂತು, ಮುಂದಿನ ಆವೃತ್ತಿಗಳಲ್ಲಿ ಆ ಮಾತು ಹಾರಿತು. 1857ರ ಏಳನೇ ಆವೃತ್ತಿ ಹೊತ್ತಿಗೆ ಎಲ್ಲ ಸೋಸಿ, ದೇವರ ಹೆಸರು ಸೇರಿಸಿ, ಮನೆಮಂದಿ ಕೂತು ಓದುವ ಹಾಗೆ ಆಯಿತು. ಈಗಿನವರು ಹದಿವಯಸ್ಸಿನವರಿಗೆ ಬರೆಯುವಾಗ ಬಹಳಷ್ಟು ಸಲ ಮಾಡುವುದು ಏನೆಂದರೆ, ಆಗ ಸೋಸಿ ತೆಗೆದದ್ದನ್ನು ಮತ್ತೆ ಒಳಗೆ ತರುವುದು. ಹೊಸದಾಗಿ ಕೆಡಿಸುತ್ತಿದ್ದಾರೆ ಅನ್ನುವವರಿಗೆ ನಾನು ಹೇಳುವುದು ಇಷ್ಟೇ.

ಎಲ್ಲವೂ ಚೆನ್ನಾಗಿವೆ ಅಂತಲ್ಲ. ಎಷ್ಟೋ ಪುಸ್ತಕಗಳಲ್ಲಿ ರಾಜಕುಮಾರಿಯ ಕೈಗೆ ಕತ್ತಿ ಕೊಟ್ಟರೆ ಕೆಲಸ ಮುಗಿಯಿತು. ಅವಳಿಗೆ ಚೂಪು ನಾಲಿಗೆ, ಹಿಂದೆ ಇಬ್ಬರು ಹುಡುಗರು, ಮಲತಾಯಿ ಮಾತ್ರ ಹಳೇ ಮಲತಾಯಿಯೇ. ಇಂಥವು ಒಂದು ಓದಿದರೆ ಹತ್ತು ಓದಿದ ಹಾಗೆ. ಮರುಕಥನ ಅಂದರೆ ಹಳೇ ಕಥೆ ಓದಿದವರಿಗೆ ಕಾಡಿದ ಒಂದು ಪ್ರಶ್ನೆಗೆ ಇನ್ನೊಬ್ಬರು ಕೂತು ಕೊಟ್ಟ ಉತ್ತರ ಅನ್ನುವುದು ನನ್ನ ಲೆಕ್ಕ. ಜಳಕದ ಪ್ರಶ್ನೆಯೂ ಆಗಬಹುದು. ಗೇಲ್ ಕಾರ್ಸನ್ ಲೆವೀನ್ 1997ರಲ್ಲಿ ಸಿಂಡ್ರೆಲಾ ಕಥೆಯನ್ನು ಮತ್ತೆ ಬರೆದಳು. ಈ ಹುಡುಗಿ ಯಾಕೆ ಎಲ್ಲದಕ್ಕೂ ಹೂಂ ಅನ್ನುತ್ತಾಳೆ ಅನ್ನುವುದಕ್ಕೆ ಅಲ್ಲಿ ಉತ್ತರ ಇದೆ: ಹುಟ್ಟಿದಾಗಲೇ ಒಬ್ಬ ಕಿನ್ನರಿ, ಯಾರು ಏನು ಹೇಳಿದರೂ ಮಾಡಲೇಬೇಕು ಅಂತ ವರ ಕೊಟ್ಟುಬಿಟ್ಟಿದ್ದಾಳೆ. ವಿಧೇಯತೆಯ ವರ! ಇದನ್ನು ಹೇಳಿದಾಗ ಹಿಂದಿನಿಂದ ಒಬ್ಬಳು, "ಇದಕ್ಕ ಕಿನ್ನರಿ ಯಾಕ್ ಬೇಕ್ರೀ, ನಮ್ಮನ್ಯಾಗ ದಿನಾ ಹಿಂಗ" ಅಂದಳು. ಮಾಳಿಗೆ ತುಂಬ ನಗು. ಹುಡುಗರಿಗೆ ಹಿಡಿಸಿದ್ದು ಮರಿಸ್ಸಾ ಮೇಯರ್ 2012ರಲ್ಲಿ ಬರೆದದ್ದು. ಅಲ್ಲಿ ಸಿಂಡ್ರೆಲಾ ಯಂತ್ರ ರಿಪೇರಿ ಮಾಡುವವಳು, ಅವಳ ಒಂದು ಪಾದ ಲೋಹದ್ದು, ಅರಮನೆಯ ಮೆಟ್ಟಿಲ ಮೇಲೆ ಚಪ್ಪಲಿಯ ಬದಲು ಪಾದವೇ ಕಳಚಿ ಬೀಳುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ರವಿವಾರ, ನಮ್ಮ ಸಿಂಡ್ರೆಲಾ ಯಾರು ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ. ಎ. ಕೆ. ರಾಮಾನುಜನ್ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ನಮ್ಮ ಕಡೆಯ ಹೆಣ್ಣುಮಕ್ಕಳ ಬಾಯಿಂದ ಕಥೆ ಕೇಳಿ ಬರೆದಿಟ್ಟುಕೊಂಡವರು. ಅವರು ಜಗತ್ತಿನ ಮುಂದೆ ಕನ್ನಡದ ಸಿಂಡ್ರೆಲಾ ಅಂತ ಇಟ್ಟ ಹುಡುಗಿಯ ಹೆಸರು ಹಂಚಿ. ಈ ಕಥೆ ಹೇಳಬೇಕೋ ಬೇಡವೋ ಅಂತ ನಾನು ಬಹಳ ಯೋಚಿಸಿದೆ. ಯಾಕೆಂದರೆ ಅದು ಹೀಗೆ ಶುರುವಾಗುತ್ತದೆ: ಅಣ್ಣ ಒಂದು ದಿನ ತಂಗಿಯ ಬಂಗಾರದ ಕೂದಲು ನೋಡಿ ಮನಸ್ಸು ಕೆಡಿಸಿಕೊಳ್ಳುತ್ತಾನೆ, ಇವಳನ್ನೇ ಮದುವೆ ಮಾಡಿಕೊಡು ಅಂತ ತಾಯಿಗೆ ಗಂಟುಬೀಳುತ್ತಾನೆ. ತಾಯಿ ಮಗನನ್ನು ಸಂತೆಗೆ ಕಳಿಸಿ, ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಹಾಕಿ, ಮನೆಯಿಂದ ದೂರ ಕಳಿಸಿಬಿಡುತ್ತಾಳೆ. ಪೆರೋನ ಕತ್ತೆ ಚರ್ಮದ ಹುಡುಗಿಯ ಕಥೆಯಲ್ಲಿ, ಗ್ರಿಮ್ಮರ ತುಪ್ಪಳದ ಹುಡುಗಿಯ ಕಥೆಯಲ್ಲಿ ಇದೇ ಕೆಲಸ ತಂದೆ ಮಾಡುತ್ತಾನೆ. ಜಾನಪದದವರು ಇವನ್ನೆಲ್ಲ ಒಂದೇ ಮನೆತನದ ಕಥೆಗಳು ಅನ್ನುತ್ತಾರೆ.

ಹೇಳಿದೆ. ಗಂಡು ಹುಡುಗರು ನೆಲ ನೋಡುತ್ತ ಕೂತರು. ಹುಡುಗಿಯರು ನೋಡಲಿಲ್ಲ. ಒಬ್ಬಳು ಕೇಳಿದ ಮೊದಲ ಪ್ರಶ್ನೆ, "ಅವ್ವ ಮಗನ್ನ ಯಾಕ್ ಹೊರಗ ಹಾಕ್ಲಿಲ್ರೀ? ಮಗಳನ್ನ ಯಾಕ್ ಕಳಿಸಿದ್ಲು?" ಇನ್ನೊಬ್ಬಳು, "ಹತ್ತು ಒಂಬತ್ತು ಎಂಟಕ್ಕ ಫೋನ್ ಹಚ್ಚಬೇಕಿತ್ತು" ಅಂದಳು. ಮಕ್ಕಳ ಸಹಾಯವಾಣಿಯ ಆ ನಂಬರು ಅವರ ಶಾಲೆಯ ಗೋಡೆ ಮೇಲೆ ಬರೆದಿದ್ದಾರೆ, ಅದು ಇಷ್ಟು ಚೆನ್ನಾಗಿ ತಲೆಯಲ್ಲಿ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಇದನ್ನೇ ಬರೆಯಿರಿ, ನಿಮ್ಮ ಪ್ರಶ್ನೆ ಇಟ್ಟುಕೊಂಡು ಕಥೆ ಬರೆದು ತನ್ನಿ ಅಂದೆ.

ಬಂದವುಗಳಲ್ಲಿ ಒಂದನ್ನು ಹೇಳಲೇಬೇಕು. ಬರೆದವಳು ಹತ್ತನೇ ಕ್ಲಾಸು, ತಂದೆಗೆ ಕಿರಾಣಿ ಅಂಗಡಿ. ಅವಳ ಹಂಚಿಗೆ ಮಣ್ಣಿನ ಮುಖವಾಡ ಇಲ್ಲ, ಸ್ಕಾರ್ಫ್ ಇದೆ. ನಮ್ಮೂರಲ್ಲಿ ಸ್ಕೂಟಿ ಹತ್ತುವ ಹುಡುಗಿಯರು ಕಟ್ಟಿಕೊಳ್ಳುವುದನ್ನು ನೋಡಿದ್ದೀರಲ್ಲ: ಹಣೆ ಮೇಲಿಂದ ತಂದು, ಕಿವಿ ಮುಚ್ಚಿ, ಗದ್ದದ ಕೆಳಗೆ ಒಂದು ಸುತ್ತು, ಮೂಗಿನ ಮೇಲೆ ಎಳೆದು ಹಿಂದೆ ಗಂಟು. ಕಣ್ಣೆರಡು ಬಿಟ್ಟರೆ ಹೆತ್ತವರಿಗೂ ಗುರುತು ಸಿಗುವುದಿಲ್ಲ. ಧೂಳಿಗೆ, ಬಿಸಿಲಿಗೆ ಅನ್ನುತ್ತಾರೆ. ಅವಳ ಕಥೆಯಲ್ಲಿ ತಾಯಿ ತಾನೇ ನಿಂತು ಮಗಳಿಗೆ ಸ್ಕಾರ್ಫ್ ಕಟ್ಟುತ್ತಾಳೆ, ಗಂಟು ಬಿಗಿಯಾಯಿತೇನು ಅಂತ ಕೇಳುತ್ತಾಳೆ, ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹತ್ತಿಸುತ್ತಾಳೆ. ಹಂಚಿ ಹುಬ್ಬಳ್ಳಿಯಲ್ಲಿ ಇಳಿದು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರುತ್ತಾಳೆ. ಖಾನಾವಳಿಯ ಅಮ್ಮ "ಮಾರಿ ತೋರ್ಸವಾ" ಅಂದರೆ "ಧೂಳಿನ ಅಲರ್ಜಿ ಅದರೀ" ಅಂತ ಹೇಳುತ್ತಾಳೆ. ಮೂಲ ಕಥೆಯಲ್ಲೂ ಹಂಚಿ ಸಾಹುಕಾರನ ಮನೆಯಲ್ಲಿ ಅಡುಗೆ ಕೆಲಸಕ್ಕೇ ಸೇರುವುದು, ಹಾಗಾಗಿ ಹುಡುಗಿ ಬದಲಿಸಿದ್ದು ಕಡಿಮೆ. ಒಲೆಯ ಮುಂದೆ ಸ್ಕಾರ್ಫಿನೊಳಗೆ ಬೆವರಿ ಕತ್ತು ತುರಿಸುವುದನ್ನು ಅರ್ಧ ಪುಟ ಬರೆದಿದ್ದಾಳೆ. ಆ ಅರ್ಧ ಪುಟ ನನಗೆ ಅಂಗಡಿಯಲ್ಲಿ ಸಿಗುವ ಎಷ್ಟೋ ದಪ್ಪ ಪುಸ್ತಕಗಳಿಗಿಂತ ಮೇಲು.

ಜಗಳ ಹತ್ತಿದ್ದು ಮುಂದೆ. ಮೂಲದಲ್ಲಿ ಹಂಚಿ ಮುಖವಾಡ ತೆಗೆದಾಗ ಸಾಹುಕಾರನ ಕಿರಿಯ ಮಗ ಕದ್ದು ನೋಡುತ್ತಾನೆ, ಅವಳನ್ನೇ ಮದುವೆಯಾಗುತ್ತಾನೆ. ಇವಳ ಕಥೆಯಲ್ಲಿ ಖಾನಾವಳಿ ಅಮ್ಮನ ಮಗ ಸಿಸಿ ಟಿವಿಯಲ್ಲಿ ನೋಡುತ್ತಾನೆ. ಓದಿ ಮುಗಿಸುವುದರೊಳಗೆ ಒಂಬತ್ತನೇ ಕ್ಲಾಸಿನವಳು, ಅದೇ ಜಳಕದ ಹುಡುಗಿ, ಎದ್ದು ನಿಂತಳು. "ಅಣ್ಣನೂ ಕೂದ್ಲಾ ನೋಡೇ ಹುಚ್ಚಾದ. ಇಂವನೂ ಕೂದ್ಲಾ ನೋಡೇ ಹುಚ್ಚಾದ. ಅಂವ ಕೆಟ್ಟಾಂವ, ಇಂವ ಹೀರೋ. ಹೆಂಗ್ರೀ?" ಬರೆದವಳು, ಇವನು ಹೊರಗಿನವನು, ಮದುವೆಯಾಗಬಹುದು ಅಂದಳು. "ಕದ್ದು ನೋಡಿದ್ದು ಕದ್ದು ನೋಡಿದ್ದ" ಅಂತ ಇವಳು. ಒಬ್ಬ ಹುಡುಗ, ಅವನು ಸೀದಾ ಹೋಗಿ ಕೇಳಿದರೆ ನಡೀತದೇನು ಅಂದ. ಯಾರೂ ಸೋಲಲಿಲ್ಲ, ಗಿರಮಿಟ್ ಮೆತ್ತಗಾಯಿತು. ಬರೆದವಳು ಕೊನೆಗೆ ಮದುವೆ ತೆಗೆದುಹಾಕಿದಳು. ಎರಡು ವಾರ ಬಿಟ್ಟು ಮತ್ತೆ ಸೇರಿಸಿದಳು, ಆದರೆ ಈ ಸಲ ಹುಡುಗ ಮೊದಲು ಕ್ಯಾಮೆರಾದ ವೈರು ಕೀಳುತ್ತಾನೆ.

ನಮ್ಮ ಕಡೆ ಈ ಕೆಲಸ ನಡೆದೇ ಇಲ್ಲ ಅಂತಲ್ಲ. ರಾಮಾನುಜನ್ ಹೇಳಿದ ಕಥೆ ಹಿಡಿದು ಗಿರೀಶ ಕಾರ್ನಾಡರು 1988ರಲ್ಲಿ ನಾಗಮಂಡಲ ಬರೆದರು. ಒಂದು ಕೊಡ ನೀರು ಸುರಿದರೆ ಹೂಬಿಡುವ ಮರವಾಗಿ, ಇನ್ನೊಂದು ಕೊಡ ಸುರಿದರೆ ಮತ್ತೆ ಮನುಷ್ಯಳಾಗುವ ಹುಡುಗಿಯ ಕಥೆಯನ್ನು 1992ರಲ್ಲಿ ಚೆಲುವಿ ಅಂತ ಸಿನಿಮಾ ಮಾಡಿದರು. ಆದರೆ ಅವು ದೊಡ್ಡವರಿಗೆ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಅಂತ ಸುಭಾಸ ರೋಡಿನ ಪುಸ್ತಕದಂಗಡಿಯಲ್ಲಿ ಕೇಳಿ ನೋಡಿ: ಒಂದು ಕಡೆ ಬಣ್ಣದ ಚಿತ್ರದ ಪಂಚತಂತ್ರ ತೋರಿಸುತ್ತಾರೆ, ಇನ್ನೊಂದು ಕಡೆ ದೊಡ್ಡ ಕಾದಂಬರಿಗಳು. ನಡುವೆ ಗೈಡು. ಕನ್ನಡದಲ್ಲಿ ಓದುವ ಮಕ್ಕಳು ಆ ವಯಸ್ಸಿನಲ್ಲೇ ಕೈಬಿಟ್ಟುಹೋಗುವುದನ್ನು ನಾನು ನೋಡುತ್ತಲೇ ಇದ್ದೇನೆ.

ಮರದ ಹುಡುಗಿಯ ಕಥೆಯನ್ನೂ ಒಬ್ಬಳು ಬರೆದಳು. ಮೂಲದಲ್ಲಿ ನಾದಿನಿ ಗೆಳತಿಯರನ್ನು ಕಟ್ಟಿಕೊಂಡು ಅವಳನ್ನು ತೋಟಕ್ಕೆ ಕರೆದೊಯ್ದು, ಮರವಾಗು ಅಂತ ಕಾಡಿಸಿ, ಕೊಂಬೆ ಮುರಿದು, ಮತ್ತೆ ಹುಡುಗಿಯಾಗಲಿಕ್ಕೆ ಬೇಕಾದ ನೀರನ್ನೂ ಸರಿಯಾಗಿ ಹಾಕದೆ ಬಿಟ್ಟು ಓಡುತ್ತಾಳೆ. ಇಲ್ಲಿ ನಾದಿನಿಗೆ ರೀಲ್ಸ್ ಬೇಕು. ಸಾಮಾನ್ಯವಾಗಿ ಹಳೇ ಕಥೆಗೆ ಮೊಬೈಲು ಅಂಟಿಸಿದರೆ ನನಗೆ ಸಿಟ್ಟು ಬರುತ್ತದೆ. ಇಲ್ಲಿ ಬರಲಿಲ್ಲ. "ವೈನಿ, ಇನ್ನೊಮ್ಮೆ ಆಗ್ರಿ, ಲೈಟ್ ಸರಿ ಬರ್ಲಿಲ್ಲ" ಅನ್ನುವ ಒಂದು ಸಾಲಿನಲ್ಲಿ ಹಳೇ ಕ್ರೌರ್ಯ ಹಾಗೇ ಕೂತಿದೆ.

ಗಂಡು ಹುಡುಗರಲ್ಲಿ ಪೂರ್ತಿ ಬರೆದವನು ಒಬ್ಬನೇ. ಅವನು ಹಿಡಿದದ್ದು ಹಂಚಿ ಕಥೆಯ ಕೊನೆಯ ಭಾಗ. ಅಲ್ಲಿ ಸಾಹುಕಾರನ ಮನೆಗೆ ಬಂದುಹೋಗುವ ಒಬ್ಬ ಗುರುಸ್ವಾಮಿ ಹಂಚಿಯ ಮೇಲೆ ಕಣ್ಣು ಹಾಕಿ ಮಾಟ-ಮಂತ್ರ ಮಾಡುತ್ತಾನೆ, ಯಾವುದೂ ನಡೆಯದಾಗ ಅವಳ ನಡತೆ ಸರಿಯಿಲ್ಲ ಅಂತ ಅಪವಾದ ಹೊರಿಸುತ್ತಾನೆ, ಮನೆಯವರೆಲ್ಲ ನಂಬುತ್ತಾರೆ. ನಮ್ಮ ಹುಡುಗ ಗುರುಸ್ವಾಮಿಯನ್ನು ಸಪ್ತಾಪುರದ ಕೋಚಿಂಗ್ ಕ್ಲಾಸಿನ ಸರ್ ಮಾಡಿದ್ದಾನೆ. ಮಂತ್ರದ ಬದಲು ಫ್ರೀ ನೋಟ್ಸ್, ಎಕ್ಸ್‌ಟ್ರಾ ಕ್ಲಾಸು, ರಾತ್ರಿ ಮೆಸೇಜು. ಹಂಚಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತಾಳೆ. ಬಲು ಚೆನ್ನಾಗಿ ಬರೆದಿದ್ದಾನೆ, ಕಾಗುಣಿತ ಬಿಟ್ಟರೆ. ಕಥೆಯಲ್ಲಿ ಕ್ಲಾಸಿಗೆ ಒಂದು ಹೆಸರು ಇಟ್ಟಿದ್ದ, ಬೋರ್ಡಿನ ಬಣ್ಣ ಸಮೇತ. ಅಂಥ ಕ್ಲಾಸು ನಿಜಕ್ಕೂ ಇದೆಯಪ್ಪ, ಹೆಸರು ಬದಲಿಸು ಅಂದೆ. ಮುಂದಿನ ರವಿವಾರ ಬದಲಿಸಿಕೊಂಡು ಬಂದ. ಓದಲಿಕ್ಕೆ ಶುರು ಮಾಡುವುದೇ ತಡ, ಉಳಿದವರೆಲ್ಲ ಒಂದೇ ಉಸಿರಿಗೆ ಕೂಗಿದರು: "ಲೇ, ಅದೂ ಐತಲೇ! ಎದುರಿನ ಬಿಲ್ಡಿಂಗ್‌ನ್ಯಾಗ!"